ಗಿರಿಜಾಂಬಾ ಅವರ ಮರದ ಹಣೆ

ಬೆಳಗಿನ ಎರಡನೆಯ ಕಾಫಿ ಮುಗಿಸಿ, ಲೋಟವನ್ನು ಟಣ್ ಎಂದು ಕೆಳಗಿಟ್ಟು ಶಾಮಣ್ಣ ಘೋಷಿಸಿದರು: "ಗಿರಿಜಾ, ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ನಿನ್ನ ಮುಖ ಮರದಲ್ಲಿ ಮೂಡುತ್ತೆ!"

ಹುರುಳಿಕಾಯಿ ಹೆಚ್ಚುತ್ತಿದ್ದ ಗಿರಿಜಾಂಬಾ ತಲೆಯೆತ್ತಲಿಲ್ಲ. "ಇರೋ ಮುಖಾನೇ ನೀವು ಸರಿಯಾಗಿ ನೋಡಿ ಎಷ್ಟು ಕಾಲ ಆಯ್ತೋ!"

"ನೋಡೋದ್ಯಾಕೆ? ಫೋಟೋ ಇದೆಯಲ್ಲ!"

ಸರ್ವೆ ಇಲಾಖೆಯಿಂದ ನಿವೃತ್ತರಾದ ಮೇಲೆ, ಗಡಿ ಎಳೆಯಲು ಯಾರ ಜಮೀನೂ ಇಲ್ಲದೆ ಶಾಮಣ್ಣನವರ ಕೈ ಚಡಪಡಿಸುತ್ತಿತ್ತು. ಆ ಚಡಪಡಿಕೆಗೆ ಮದ್ದಾಗಿ ವಿದ್ಯಾರಣ್ಯಪುರಂನ ಅವರ ಮನೆಗೆ ಸ್ಕ್ರೋಲ್ ಸಾ ಎಂಬ ಯಂತ್ರ ಬಂದಿತ್ತು. ನೋಡಲು ಹೊಲಿಗೆ ಯಂತ್ರದ ತಮ್ಮನಂತಿದೆ. ಸೂಜಿಯ ಜಾಗದಲ್ಲಿ ದಾರದಷ್ಟು ಸಣ್ಣ ಗರಗಸದ ಅಲಗು ಮೇಲೆ ಕೆಳಗೆ ಕುಣಿಯುತ್ತದೆ. ಹಲಗೆಯನ್ನು ನಾವು ತಿರುಗಿಸುತ್ತ ಹೋಗಬೇಕು. ಫೋಟೋವನ್ನು ಅಚ್ಚ ಕಪ್ಪು-ಬಿಳುಪಿನ ಚಿತ್ರವಾಗಿಸಿ, ಆ ಕಾಗದವನ್ನು ಪ್ಲೈವುಡ್ಡಿನ ಮೇಲೆ ಮೆತ್ತಿ, ಬಿಳಿ ಇದ್ದ ಕಡೆಯೆಲ್ಲ ಕೊರೆದು ತೆಗೆದರೆ, ಉಳಿದ ಮರವೇ ಮುಖ.

"ನಮ್ಮ ಮುತ್ತಾತ ಅರಮನೆಯಲ್ಲಿ ಮರದ ಕೆಲಸದಲ್ಲಿದ್ದೋರು. ಇದೆಲ್ಲ ರಕ್ತದಲ್ಲೇ ಬರಬೇಕು," ಎಂದರು ಶಾಮಣ್ಣ.

"ನಿಮ್ಮ ಮುತ್ತಾತ ಅಲ್ಲಿ ಕುರ್ಚಿ ಎಣಿಸ್ತಾ ಇದ್ರು ಕಣ್ರೀ!"

ಇಷ್ಟಕ್ಕೇ ನಿಂತಿದ್ದರೆ ವಿಷಯ ಮನೆಯೊಳಗೇ ಮುಗಿಯುತ್ತಿತ್ತು. ಆದರೆ ಶಾಮಣ್ಣ ಕಾಂಪೌಂಡಿನ ಆಚೆ ಹೂ ಬಿಡಿಸುತ್ತಿದ್ದ ಪಕ್ಕದ ಮನೆಯ ಅಲಮೇಲಮ್ಮನವರಿಗೂ ಕೇಳುವಂತೆ ಪ್ರತಿಜ್ಞೆ ಮಾಡಿಬಿಟ್ಟರು: "ಒಂದೇ ಹಲಗೆ, ಒಂದೇ ತುಂಡು! ಎಲ್ಲೂ ಅಂಟು ಮುಟ್ಟಿಸಲ್ಲ. ಅಂಟು ಹಾಕಿದ್ರೆ ಅದು ಕಲೆ ಅಲ್ಲ, ರಿಪೇರಿ!"

ಅಲಮೇಲಮ್ಮನವರಿಗೆ ಹೇಳಿದರೆ ಬೀದಿಗೇ ಹೇಳಿದಂತೆ. ಸಂಜೆಯ ಹೊತ್ತಿಗೆ, ಹಬ್ಬದ ದಿನ ಅರಿಶಿನ-ಕುಂಕುಮಕ್ಕೆ ಬರಬೇಕಾದ ಹೆಂಗಸರೆಲ್ಲ ಗಿರಿಜಾಂಬಾರ ಮರದ ಮುಖ ನೋಡಲು ಸಿದ್ಧರಾಗಿದ್ದರು. ಶಾಮಣ್ಣನವರ ಮಾನ ಈಗ ಒಂದು ಪ್ಲೈವುಡ್ ಹಲಗೆಯ ಮೇಲೆ ನಿಂತಿತ್ತು.

ಕೆಲಸ ಶುರುವಾಯಿತು. ಮನೆಯಿಡೀ ಮರದ ಹೊಟ್ಟು! ಮುಚ್ಚಿಟ್ಟ ಮೊಸರಿನಲ್ಲೂ ಹೊಟ್ಟು! ಈ ವಿದ್ಯೆಯನ್ನು ಹೇಳಿಕೊಟ್ಟ ವಿಡಿಯೊದ ವಿದೇಶಿ ಗಡ್ಡಧಾರಿ, ತನ್ನದೇ ಮುಖವನ್ನು ಕೊರೆದು ತೋರಿಸುತ್ತ, ಒಂದೇ ಎಚ್ಚರಿಕೆ ಕೊಟ್ಟಿದ್ದ: ಮರದ ಪ್ರತಿ ಭಾಗವೂ ಇನ್ನೊಂದಕ್ಕೆ ತಾಗಿಕೊಂಡಿರಬೇಕು; ಒಂಟಿಯಾಗಿ ನಿಂತದ್ದು ಉದುರಿಹೋಗುತ್ತದೆ. ಶಾಮಣ್ಣ ನಕ್ಕಿದ್ದರು. "ದಾರಿ ಇಲ್ಲದ ಜಮೀನಿನ ನಕ್ಷೆಗೆ ನಾನು ಸಹಿ ಹಾಕಿದೋನೇ ಅಲ್ಲ!" ಕಣ್ಣಿಗೆ ಹುಬ್ಬಿನಿಂದ ದಾರಿ ಬಿಟ್ಟರು, ಹುಬ್ಬಿಗೆ ಕೂದಲಿನಿಂದ, ಮೂಗಿಗೆ ಕೆನ್ನೆಯ ನೆರಳಿನಿಂದ. ಇಲಾಖೆಯೇ ಮೆಚ್ಚುವಂಥ ನಕ್ಷೆ!

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಹಣೆಯೊಂದು ಉಳಿದಿತ್ತು. ಉಸಿರು ಬಿಗಿಹಿಡಿದು ಅದರ ಅಂಚನ್ನು ಸುತ್ತ ಕೊರೆದರು. ಹಣೆಯ ಬಿಳಿ ಭಾಗ ಕಳಚಿ ಕೆಳಗೆ ಬಿತ್ತು. ಅದರ ನಡುವೆ ದುಂಡಗೆ ಕೂತಿದ್ದ ಬೊಟ್ಟೂ ಅದರ ಜೊತೆಗೇ ಹೋಯಿತು.

ಎಲ್ಲದಕ್ಕೂ ದಾರಿ ಬಿಟ್ಟಿದ್ದ ಶಾಮಣ್ಣ ಬೊಟ್ಟಿಗೆ ಬಿಟ್ಟಿರಲಿಲ್ಲ. ವಿಡಿಯೊದ ಗಡ್ಡಧಾರಿ ಅದನ್ನು ಹೇಳಿಯೇ ಇರಲಿಲ್ಲ. ಹೇಗೆ ಹೇಳಿಯಾನು? ಅವನ ಹಣೆಯಲ್ಲಿ ಬೊಟ್ಟಿರಲಿಲ್ಲ!

ಅಷ್ಟರಲ್ಲಿ ಗಿರಿಜಾಂಬಾ ಬಂದು ನಿಂತರು. ಹಲಗೆಯನ್ನು ನೋಡಿದರು. ಗಂಡನನ್ನು ನೋಡಿದರು.

"ಬೊಟ್ಟೆಲ್ರೀ?"

"ಉದುರ್ತು."

"ಹೆಂಡ್ತಿ ಬೊಟ್ಟು ಉದುರ್ತು ಅಂತ ಯಾವ ಗಂಡನಾದ್ರೂ ಬಾಯ್ಬಿಟ್ಟು ಹೇಳ್ತಾನೇನ್ರೀ? ಗುಂಡುಕಲ್ಲಿನ ಹಾಗೆ ಕೂತಿದ್ದೀರಿ, ಕೂತ್ಕೊಂಡೇ ಒರೆಸಿಬಿಟ್ರಲ್ಲ!"

"ತಾಂತ್ರಿಕ ದೋಷ ಕಣೇ!"

"ನಾಳೆ ಅರಿಶಿನ-ಕುಂಕುಮಕ್ಕೆ ಬಂದೋರು ಇದನ್ನ ನೋಡಿ ನಿಮ್ಮ ಆರೋಗ್ಯ ವಿಚಾರಿಸ್ತಾರೆ!"

ಶಾಮಣ್ಣ ಇನ್ನೊಂದು ಹಲಗೆ ತೆಗೆದರು. ಈ ಸಲ ಬೊಟ್ಟಿಗೆ ದಾರಿ ಬಿಡಲೇಬೇಕು. ಹುಬ್ಬುಗಳಿಂದ ಗೆರೆ ಎಳೆದರೆ ಹಣೆಯ ಮೇಲೆ ತ್ರಿಶೂಲ ಮೂಡಿತು, ಅಳಿಸಿದರು. ಕೊನೆಗೆ ಬೊಟ್ಟಿನಿಂದ ನೇರ ಮೇಲಕ್ಕೆ, ಬೈತಲೆಯವರೆಗೆ, ಒಂದು ರಸ್ತೆ ಹಾಕಿದರು. ಹಬ್ಬದ ಬೆಳಿಗ್ಗೆ ಒಳಗೆ ಪೂಜೆಯ ಗಂಟೆ, ಹೊರಗೆ ಗರಗಸ. ಮಂಗಳಾರತಿಯ ಹೊತ್ತಿಗೆ ಮುಖ ತಯಾರಾಯಿತು. ಈ ಬಾರಿ ಏನೂ ಉದುರಲಿಲ್ಲ!

ಕಳಶಕ್ಕೆಂದು ಹೂ ಹಿಡಿದು ಬಂದ ಅಲಮೇಲಮ್ಮನವರೇ ಅದನ್ನು ಮೊದಲು ನೋಡಿದವರು. ಅವರು ಅಯ್ಯಂಗಾರರು, ಹಣೆಯ ಮೇಲೆ ಉದ್ದಕ್ಕೆ, ತೆಳ್ಳಗೆ, ಕೆಂಪು ನಾಮ.

"ಏನು ಗಿರಿಜಾ, ಯಾವಾಗ ನಮ್ಮ ಕಡೆ ಸೇರ್ಕೊಂಡ್ಯೇ? ಒಂದು ಮಾತು ಹೇಳ್ಬಾರ್ದಿತ್ತಾ?"

ಗಿರಿಜಾಂಬಾ ಓಡಿಬಂದು ನೋಡಿದರು. ದುಂಡು ಬೊಟ್ಟೂ ಅದರ ರಸ್ತೆಯೂ ಕೂಡಿ ಹಣೆಯ ಮೇಲೆ ಲಕ್ಷಣವಾದ ನಾಮವಾಗಿ ನಿಂತಿದ್ದವು.

"ನಿನ್ನೆ ಬೊಟ್ಟು ಒರೆಸಿದ್ರಿ, ಇವತ್ತು ಪಂಗಡಾನೇ ಬದಲಾಯಿಸಿಬಿಟ್ರಾ!"

ಅಲಮೇಲಮ್ಮ ಹಲಗೆಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದರು. "ಶಾಮಣ್ಣೋರೇ, ಇದು ಗಿರಿಜಾ ಅಲ್ಲ ಕಣ್ರೀ. ಇದು ನಾನೇ. ಈ ಗಲ್ಲ ನಂದೇ!" ಎಂದವರೇ ಅದನ್ನು ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟರು. ಶಾಮಣ್ಣ ತಡೆಯಲಿಲ್ಲ. ಅವಸರದ ಕೆಲಸವಾದ್ದರಿಂದ ಹೋಲಿಕೆ ಯಾರಿಗಾದರೂ ಒಪ್ಪುವಷ್ಟು ಉದಾರವಾಗಿತ್ತು.

ಈಗ ಮನೆಯಲ್ಲಿ ಉಳಿದದ್ದು ಬೋಳು ಹಣೆಯ ಹಲಗೆಯೊಂದೇ. ಹೆಂಗಸರು ಬರುವ ಹೊತ್ತಾಗುತ್ತಿತ್ತು.

"ಅಟ್ಟದ ಮೇಲೆ ಹಾಕಿಬಿಡೋಣ," ಎಂದರು ಶಾಮಣ್ಣ. ದನಿಯಲ್ಲಿ ಅರಮನೆಯ ಗತ್ತು ಉಳಿದಿರಲಿಲ್ಲ. "ಹಲಗೆ ಸೀಳಿಹೋಯ್ತು ಅಂತ ಹೇಳ್ತೀನಿ."

ಗಿರಿಜಾಂಬಾ ಅದನ್ನು ನಡುಮನೆಯ ಬಿಳಿ ಗೋಡೆಯ ಮೊಳೆಗೆ ತಗುಲಿಹಾಕಿದರು.

"ಬೇಡ ಕಣೇ! ನಾನಿನ್ನೂ ಬದುಕಿದ್ದೀನಿ!"

"ಗೊತ್ತು, ಸದ್ದು ಕೇಳಿಸ್ತಿದೆ."

ಅವರು ಬಚ್ಚಲುಮನೆಗೆ ಹೋಗಿ ಬಂದರು. ಬೆರಳ ತುದಿಯಲ್ಲಿ ಕನ್ನಡಿಯಿಂದ ಕಿತ್ತು ತಂದ ಕೆಂಪು ಸ್ಟಿಕ್ಕರ್ ಬೊಟ್ಟು. ಹಬ್ಬವೆಂದು ಕುಂಕುಮ ಇಟ್ಟುಕೊಂಡಿದ್ದರಿಂದ ಅದಕ್ಕೆ ಅಂದು ರಜೆ. ಮರದ ಮುಖದ ಖಾಲಿ ಹಣೆಯೊಳಗೆ ಬೆರಳು ತೂರಿಸಿ, ಹಿಂದಿನ ಗೋಡೆಗೆ ಅದನ್ನು ಒತ್ತಿದರು. ಮುಖ ತಟ್ಟನೆ ಗಿರಿಜಾಂಬಾ ಆಯಿತು.

ಶಾಮಣ್ಣ ನೋಡುತ್ತ ನಿಂತರು. ನಿಜವಾಗಿಯೂ ಚೆನ್ನಾಗಿತ್ತು.

"ಆದ್ರೆ ಗಿರಿಜಾ, ಅಂಟು ಮುಟ್ಟಿಸಲ್ಲ ಅಂತ ನಾನು..."

"ನೀವೇನೂ ಮುಟ್ಟಬೇಡಿ. ಇದು ಅಂಟಿನ ಸಮೇತ ಬರುತ್ತೆ."

ಸಂಜೆ ಬಂದವರೆಲ್ಲ ಗೋಡೆಯ ಮುಂದೆ ನಿಂತೇ ಕೋಸಂಬರಿ ತಿಂದರು. "ಅಯ್ಯೋ, ಬೊಟ್ಟು ಎಷ್ಟು ಲಕ್ಷಣವಾಗಿ ಕೂತಿದೆ! ಅದೊಂದಕ್ಕೆ ಮಾತ್ರ ಕೆಂಪು ಹೆಂಗೆ ಬರಿಸಿದ್ರಿ?" ಎಂದು ಹಿಂದಿನ ಬೀದಿಯ ಪ್ರೇಮಲೀಲಾ ಕೇಳಿದರು.

ಶಾಮಣ್ಣ ಬಾಯಿ ತೆರೆದರು. ಗಿರಿಜಾಂಬಾ ಬಿಡಲಿಲ್ಲ.

"ಅವರ ಮುತ್ತಾತ ಅರಮನೆಯಲ್ಲಿ ಮರದ ಕೆಲಸದಲ್ಲಿದ್ರು ಕಣಮ್ಮ. ರಕ್ತದಲ್ಲೇ ಬಂದಿದೆ."

ಹಲಗೆ ಈಗಲೂ ಅದೇ ಮೊಳೆಯಲ್ಲಿದೆ. ಬಚ್ಚಲುಮನೆಯ ಕನ್ನಡಿ ಮಾತ್ರ ಸ್ವಚ್ಛವಾಗಿದೆ. ಮುಖ ತೊಳೆಯುವ ಮುನ್ನ ಗಿರಿಜಾಂಬಾ ನಡುಮನೆಗೆ ಬಂದು ತಮ್ಮ ಬೊಟ್ಟನ್ನು ಮರದ ಹಣೆಯೊಳಗೆ ಅಂಟಿಸಿ ಹೋಗುತ್ತಾರೆ. ಆ ಹಣೆ ಈಗ ಭರ್ತಿ. ಮೊನ್ನೆ ಜಾಗ ಸಾಲದೆ ಒಂದನ್ನು ಕೆನ್ನೆಗೆ ಹಾಕಿದ್ದಾರೆ. ಶಾಮಣ್ಣ ಕೇಳಿದ್ದಕ್ಕೆ, ಅದು ದೃಷ್ಟಿಬೊಟ್ಟು ಎಂದರು.