‘ಸರೀಂಗ’ ಅಂದರೆ ಸ್ಕ್ಯಾನ್ ಕೆಟ್ಟಿತು

ಸಿ.ಟಿ. ಸ್ಕ್ಯಾನ್ ಕೋಣೆಗೆ ಜನ ಹೆದರಿಕೊಂಡು ಬರುತ್ತಾರೆ, ನನ್ನನ್ನು ನಗಿಸಿ ಹೋಗುತ್ತಾರೆ. ಕೊಯಮತ್ತೂರಿನ ಒಂದು ಆಸ್ಪತ್ರೆಯಲ್ಲಿ ಹದಿನೆಂಟು ವರ್ಷದಿಂದ ನಾನು ಆ ಯಂತ್ರದ ಟೆಕ್ನಿಷಿಯನ್. ಹೋದ ವರ್ಷ ದೊಡ್ಡ ಡಾಕ್ಟರು ಕರೆದು, "ಒಬ್ಬೊಬ್ಬರ ಮೈಗೆ ಎಷ್ಟು ವಿಕಿರಣ ಹೋಯಿತು ಅಂತ ಬರೆದಿಡು, ಅದನ್ನು ಇಳಿಸು. ಮೂರು ತಿಂಗಳಲ್ಲಿ ಆಗದಿದ್ದರೆ ನಿನ್ನನ್ನು ಎಕ್ಸ್‌ರೇಗೆ ಹಾಕ್ತೀನಿ" ಅಂದರು. ಹೈಸ್ಕೂಲು ಮೇಷ್ಟರನ್ನು ಒಂದನೇ ಕ್ಲಾಸಿಗೆ ಹಾಕಿದ ಹಾಗೆ ಅದು. ನನಗೆ ಮಾನದ ಪ್ರಶ್ನೆ.

೧. ಅರ್ಧ ಮರುಂದು

ಧಾರಾಪುರಂ ಕಡೆಯ ತೆಂಗಿನ ತೋಟದ ಗೌಡರು. ನಮ್ಮಂತೆಯೇ ಮನೆಮಾತು ಕನ್ನಡ. ಸ್ಕ್ಯಾನ್ ಮುಗಿಸಿ ಜಂಬದಿಂದ, "ಹೋದ ಸಲದ ಅರ್ಧದಷ್ಟೇ ಕಿರಣ ಹಾಕಿದ್ದೀನಿ ಅಣ್ಣಾ" ಅಂದೆ. ಅವರ ಮುಖ ಕೆಂಪಾಯಿತು.

"ಅರ್ಧವಾ? ಯಾಕೆ ತಂಬಿ? ತೆಂಗಿಗೆ ಅರ್ಧ ಮರುಂದು ಹೊಡದ್ರೆ ಹುಳ ಸಾಯ್ತದಾ?"

"ಇದು ಮದ್ದಲ್ಲ ಅಣ್ಣಾ, ಒಳಗಿನ ಫೋಟೊ."

"ಹಂಗಂದ್ರೆ ಫೋಟೊ ಮಂಕಾಗಲ್ವಾ?"

ಇದೇ ಮಾತು ಹೇಳಿ ರಿಪೋರ್ಟ್ ಬರೆಯುವ ಡಾಕ್ಟರು ಬೆಳಿಗ್ಗೆ ನನ್ನನ್ನು ಬೈದಿದ್ದರು. ಇಬ್ಬರಿಗೂ ಒಂದೇ ಉತ್ತರ ಕೊಟ್ಟೆ: ರೋಗ ಕಂಡರೆ ಸಾಕು, ಫೋಟೊ ಚಂದ ಇರಬೇಕಾಗಿಲ್ಲ. ಗೌಡರು ಒಪ್ಪಿದರು. ಡಾಕ್ಟರು ಇನ್ನೂ ಒಪ್ಪಿಲ್ಲ.

೨. ಜಾಬ್ ಸೆಂಟರಲ್ಲಿಲ್ಲ

ತುಡಿಯಲೂರಿನ ಲೇತ್ ವರ್ಕ್‌ಶಾಪಿನ ಮಾಲೀಕರು ಮಲಗಿದವರೇ, ಅಳತೆಗೆಂದು ಯಂತ್ರ ಮೈಮೇಲೆ ಬಿಡುವ ಕೆಂಪು ಬೆಳಕಿನ ಗೆರೆಗಳನ್ನು ದಿಟ್ಟಿಸಿದರು. "ತಂಬಿ, ಜಾಬ್ ಸೆಂಟರಲ್ಲಿಲ್ಲ. ಎರಡು ಸೆಂಟಿಮೀಟರ್ ತಪ್ಪಿದೆ." ಲೇತಿಗೆ ಕಚ್ಚಿಸುವ ಕಬ್ಬಿಣದ ತುಂಡಿಗೆ ಜಾಬ್ ಅನ್ನುತ್ತಾರೆ. ಇಲ್ಲಿ ಜಾಬ್ ಅವರೇ!

ನಕ್ಕು ಅಳೆದೆ. ಸರಿಯಾಗಿ ಎರಡು. ಮೈ ನಟ್ಟನಡುವೆ ಇರದಿದ್ದರೆ ಯಂತ್ರದ ಅಂದಾಜು ತಪ್ಪಿ ಕಿರಣ ಹೆಚ್ಚಾಗಬಹುದು. ಅಂದಿನಿಂದ ಎಲ್ಲರನ್ನೂ ಅಳೆದೇ ಮಲಗಿಸುತ್ತೇನೆ. ಹೋಗುವಾಗ ಅವರು, "ಇಲ್ಲಿ ಬೇಡ ಅಂದ್ರೆ ನಮ್ಮ ವರ್ಕ್‌ಶಾಪಿಗೆ ಬಾ" ಅಂದರು. ಎಕ್ಸ್‌ರೇಗಿಂತ ವಾಸಿ ಅನ್ನಿಸಿತು.

೩. ಮರ್ಯಾದೆ

ಇಷ್ಟಾದರೂ ಹೊಟ್ಟೆ ಸ್ಕ್ಯಾನಿನ ಕಿರಣ ಮಾತ್ರ ಇಳಿಯಲಿಲ್ಲ. ಯಾಕೆಂದು ಅವಿನಾಶಿ ಊರಿನ ಅಜ್ಜಿಯೊಬ್ಬರಿಂದ ತಿಳಿಯಿತು. "ಉಸಿರೆಳೆದು ಹಿಡಿಯಿರಿ" ಎಂದು ಯಂತ್ರವೇ ತಮಿಳಿನಲ್ಲಿ ಹೇಳುತ್ತದೆ. ನಮ್ಮ ಕಡೆ ಯಾರು ಏನು ಹೇಳಿದರೂ "ಸರೀಂಗ", ಅಂದರೆ "ಆಗಲಿ ರೀ", ಅನ್ನದಿದ್ದರೆ ಅಗೌರವ. ಅಜ್ಜಿ ಉಸಿರೆಳೆದು ಹಿಡಿದು, ಯಂತ್ರಕ್ಕೂ ಮರ್ಯಾದೆ ಕೊಟ್ಟು "ಸರೀಂಗ" ಅಂದರು. ಹಿಡಿದ ಉಸಿರೆಲ್ಲ ಹೊರಗೆ, ಚಿತ್ರ ಕಲಸಿಹೋಯಿತು. ಮತ್ತೆ ತೆಗೆದರೆ ಕಿರಣ ಎರಡರಷ್ಟು.

ಒಳಗೆ ಹೋಗಿ, "ಪಾಟೀ, ಅದಕ್ಕೆ ಉತ್ತರ ಕೊಡಬೇಡಿ" ಅಂದೆ.

"ಸರೀಂಗ, ಕೊಡಲ್ಲ" ಅಂದರು.

ಕೊಟ್ಟರು.

೪. ಮೊದಲ ಪಂಕ್ತಿ

ಮೂರು ತಿಂಗಳ ಕೊನೆಯ ದಿನ ದೊಡ್ಡ ಡಾಕ್ಟರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಒಳಗೆ ಮಲಗಿದ್ದವರು ನನ್ನ ಸೋದರತ್ತೆ. ಹೊಟ್ಟೆನೋವಿಗೆ ಅವರಿಗೆ ಬೇರೆ ಕಡೆ ಆಗಲೇ ಎರಡು ಸ್ಕ್ಯಾನ್ ಆಗಿತ್ತು. ನನ್ನನ್ನು ಎತ್ತಿ ಆಡಿಸಿದ ಜೀವ. ಇನ್ನೊಂದು ಸುತ್ತು ಹೆಚ್ಚಿಗೆ ಕಿರಣ ಹೋಗಬಾರದು. ಅತ್ತೆಯೋ, ನನ್ನ ತಂಗಿಯ ಮದುವೆಯಲ್ಲಿ ಮೊದಲ ಪಂಕ್ತಿ ಊಟಕ್ಕೆ ಕರೆಯಲಿಲ್ಲವೆಂದು ಮೂರು ವರ್ಷದಿಂದ ನಮ್ಮ ಜೊತೆ ಮಾತು ಬಿಟ್ಟವರು.

ಯಂತ್ರದ ದನಿ ನಿಲ್ಲಿಸಿ ಮೈಕಿನಲ್ಲಿ ನಾನೇ ಹೇಳಿದೆ: "ಅತ್ತೆ, ಉಸುರು ಎಳ್ದು ಹಿಡ್ಕಳಿ."

‘ಸರೀಂಗ’ ಬರಲಿಲ್ಲ. ತುಟಿ ಬಿಗಿದದ್ದು ಬಿಗಿದಂತೆಯೇ. ಒಂದೇ ಸುತ್ತಿಗೆ ಸ್ವಚ್ಛವಾದ ಚಿತ್ರ. ಮೂರು ತಿಂಗಳಲ್ಲೇ ಅತಿ ಕಡಿಮೆ ಕಿರಣ!

"ಭಲೇ! ಇದು ಯಾವ ಟೆಕ್ನಿಕ್?" ಅಂದರು ಡಾಕ್ಟರು.

"ಮನೆ ಜಗಳ ಸಾರ್."

ಆ ಖುಷಿಯಲ್ಲಿ ‘ಉಸಿರು ಬಿಡಿ’ ಅನ್ನುವುದನ್ನೇ ಮರೆತಿದ್ದೆ. ಒಳಗಿನಿಂದ ಕೂಗು ಬಂತು: "ಏಯ್, ಉಸುರು ಬಿಡಲಾ, ಇಲ್ಲಾ ಹಿಂಗೇ ಹೋಗಿಬಿಡಲಾ?"

ಮೂರು ವರ್ಷದ ಮೇಲೆ ಅತ್ತೆಯ ಬಾಯಿಂದ ಬಂದ ಮೊದಲ ಮಾತು. ನನ್ನ ಕಣ್ಣು ತುಂಬಿ ಬಂತು.

ಈಗ ಅತ್ತೆ ದಿನಾ ಫೋನ್ ಮಾಡುತ್ತಾರೆ, ನಾನೂ ಸಿ.ಟಿ.ಯಲ್ಲೇ ಉಳಿದಿದ್ದೇನೆ. ತೊಂದರೆ ಒಂದೇ. ಇನ್ನು ಆರು ತಿಂಗಳಿಗೆ ಅವರಿಗೆ ಮತ್ತೆ ಸ್ಕ್ಯಾನ್ ಇದೆ. ಅಷ್ಟರೊಳಗೆ ಯಾವುದಾದರೂ ಮದುವೆ ನೋಡಿ ಅವರನ್ನು ಎರಡನೇ ಪಂಕ್ತಿಗೆ ಕೂರಿಸಬೇಕು.