ಚಾರ್ವಿಯ ತೋರುಬೆರಳು

"ಮಗುವಿಗೆ ಮಾತು ಬರದಿದ್ದರೇನು? ಬೆರಳು ತೋರಿಸಲಿ ಸಾಕು, ಅವಳ ಮನಸ್ಸಿನಲ್ಲಿರೋದನ್ನ ನಾನು ಹೇಳ್ತೀನಿ!"

ಹೊಳೆನರಸೀಪುರದ ಮುರಳೀಕೃಷ್ಣ ಮೇಷ್ಟ್ರು ಹೀಗೆ ಎದೆ ತಟ್ಟಿಕೊಂಡದ್ದು ಭಾನುವಾರ ಬೆಳಿಗ್ಗೆ, ಹೆಂಡತಿ ಹಂಸ ಹಾಸನದ ಬಸ್ಸಿಗೆ ಹೊರಟು ನಿಂತಾಗ. ಮಗಳು ಚಾರ್ವಿಗೆ ಒಂದೂಕಾಲು ವರ್ಷ. ಮಕ್ಕಳ ಸನ್ನೆಗಳ ಬಗ್ಗೆ ಮೊಬೈಲಿನಲ್ಲಿ ಮೂರು ವಿಡಿಯೋ ನೋಡಿ ಮೇಷ್ಟ್ರು ಮಹಾಪಂಡಿತರಾಗಿದ್ದರು.

"ರೀ, ಪಾಂಡಿತ್ಯ ಆಮೇಲೆ. ಮೊದಲು ಮಗು ಮೇಲೆ ಕಣ್ಣಿಟ್ಟಿರಿ," ಎಂದಳು ಹಂಸ.

ಇಟ್ಟಿದ್ದರು. ಅಂಗಳದಲ್ಲಿ ಪಂಚೆ ಒಣಹಾಕಿ ಬಂದ ಎರಡು ನಿಮಿಷ ಮಾತ್ರ ಇಟ್ಟಿರಲಿಲ್ಲ. ಅಷ್ಟರಲ್ಲೇ ಚಾರ್ವಿ ಕೋಣೆಯ ಬಾಗಿಲು ತಳ್ಳಿ, ಕೆಳಗಿನ ಬೋಲ್ಟ್ ಹಾಕಿಕೊಂಡಿದ್ದಳು. ಒಳಗೆ ಮೇಜಿನ ಮೇಲೆ ಆಗಷ್ಟೇ ಬಳಸಿದ ಬಿಸಿ ಇಸ್ತ್ರಿಪೆಟ್ಟಿಗೆ! ಅದರ ವೈರು ಕೆಳಕ್ಕೆ ನೇತಾಡುತ್ತಿತ್ತು.

ಮೇಷ್ಟ್ರ ಜೀವ ಬಾಯಿಗೆ ಬಂತು. ಅಂಗಳಕ್ಕೆ ಓಡಿ ಕಿಟಕಿಯ ಸರಳು ಹಿಡಿದು, ಬೋಲ್ಟಿನತ್ತ ಬೆರಳು ತೋರಿಸಿ, "ಕಂದಾ, ಅದನ್ನ ಮೇಲೆತ್ತು!" ಎಂದು ಗೋಗರೆದರು. ಮಗಳು ಬಾಚಣಿಗೆ ತಂದುಕೊಟ್ಟಳು. "ಅದಲ್ಲಮ್ಮಾ!" ಎಂದರೆ ಪೌಡರ್ ಡಬ್ಬಿ ಕೊಟ್ಟಳು. ಆಮೇಲೆ ತಾನೂ ಕಿಟಕಿಯತ್ತ ಬೆರಳು ಚಾಚಿ, ಅಪ್ಪನ ಮುಖ ನೋಡಿ, ಮತ್ತೆ ಬೆರಳು ಚಾಚಿ ಕೂಗಿದಳು: "ಅಂಬಾ!"

"ಅಪ್ಪಾ ಅಂದಳು!" ಮೇಷ್ಟ್ರ ಕಣ್ಣಲ್ಲಿ ನೀರು! "ಹೂಂ ಕಂದಾ, ಅಪ್ಪನೇ!"

"ಅಂಬಾ! ಅಂಬಾ!" ಮಗು ಸಿಟ್ಟಿನಿಂದ ಕಾಲು ಬಡಿಯಿತು. ಕೊನೆಗೆ ಇಂಥ ಅಪ್ಪನ ಸಹವಾಸವೇ ಬೇಡವೆಂದು ತಿರುಗಿ ವೈರಿನತ್ತ ನಡೆಯಿತು.

ಮೇಷ್ಟ್ರು ಕಿರುಚಿದ ರಭಸಕ್ಕೆ ಪಕ್ಕದ ಮನೆಯ ಹಾಲಿನ ಸಣ್ಣಕ್ಕ ಓಡಿಬಂದಳು.

"ಅಂಗ್ಯಾಕ್ ಕಿರುಚ್ತೀರಿ ಸಾ? ಮಗ ಎದ್ರುಕೊಳಕಿಲ್ವಾ?" ಎನ್ನುತ್ತ ನೇರ ಮನೆಯೊಳಗೆ ಹೋಗಿ, ಕೋಣೆಯ ಬಾಗಿಲ ಮುಂದೆ ಚಪ್ಪಲಿಯನ್ನು ಪಟಪಟ ಬಡಿದಳು. "ಅವ್ವಾ, ನಾನ್ ಟಾಟಾ ಓಯ್ತೀನಿ. ಬತ್ತೀಯೇನವ್ವಾ?"

ಟಕ್! ಬೋಲ್ಟ್ ಎದ್ದಿತು. ಚಾರ್ವಿ ತನ್ನ ಪುಟ್ಟ ಚಪ್ಪಲಿ ಹಿಡಿದು ಠೀವಿಯಿಂದ ಹೊರಬಂದಳು.

ಮೇಷ್ಟ್ರು ಮಗಳನ್ನು ಅವಚಿಕೊಂಡರು. ಹೋದ ಜೀವ ಬಂದಂತಾಗಿತ್ತು. "ಇವತ್ತು 'ಅಪ್ಪಾ' ಅಂದಳು ಸಣ್ಣಕ್ಕ!"

"ಅಪ್ಪಾ ಅಲ್ಲ ಸಾ, ಅಂಬಾ! ನಮ್ ಮನೆಗಂಟ ಕೇಳುಸ್ತು. ನಿಮ್ ಇಂದ್ಗಡೆ ನಮ್ ಕರು ನಿಂತಿತ್ತಲ್ಲ, ಅದ್ನೇ ತೋರುಸ್ತಿದ್ಲು. ನಿಮ್ ಪಂಚೆ ಅರ್ಧ ತಿಂದ್ಬುಟ್ಟದೆ!"

"ತಿನ್ನಲಿ ಬಿಡು! ಇನ್ನರ್ಧಾನೂ ತಿನ್ನಲಿ!" ಎಂದರು ಮೇಷ್ಟ್ರು, ಮಗಳಿಗೆ ಮುತ್ತಿಡುತ್ತ.

ಸಂಜೆ ಹಂಸ ಬಂದವಳೇ ಮಗುವನ್ನೆತ್ತಿಕೊಂಡು, "ಮನೇಲಿ ಯಾರಿದ್ರು ಪುಟ್ಟಾ ನಿನ್ನ ಜೊತೆ?" ಎಂದು ಕೇಳಿದಳು.

ಚಾರ್ವಿ ಮೇಷ್ಟ್ರತ್ತ ನೇರವಾಗಿ ಬೆರಳು ಚಾಚಿದಳು. "ಅಂಬಾ."

ಈ ಸಲ ಮೇಷ್ಟ್ರು ಜಾಣರಾಗಿ ಥಟ್ಟನೆ ಹಿಂದಕ್ಕೆ ತಿರುಗಿ ನೋಡಿದರು. ಹಿಂದೆ ಬರೀ ಗೋಡೆಯಿತ್ತು.