ಮೂವತ್ತು ಗ್ರಾಂ ಚಿಪ್ಸು

"ಆಲೂಗಡ್ಡೆ ಬಿಡೋದಿಲ್ಲ, ತೂಕ ಬಿಡ್ತೀನಿ. ಬರೆದಿಟ್ಕೋ!" ಎಂದು ಗ್ರಾಮಣ್ಣ ಊಟದ ಮೇಜು ಗುದ್ದಿ ಘೋಷಿಸಿದರು. ಹೆಂಡತಿ ಬರೆದಿಟ್ಟುಕೊಳ್ಳಲಿಲ್ಲ. ಆಕೆ ಟೈಲರ್, ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ಯಾರದೋ ಅಂಗಿಯ ತೋಳು ಸರಿಮಾಡುತ್ತಿದ್ದರು.

ಗ್ರಾಮಣ್ಣ ಅನ್ನುವುದು ಆಫೀಸಿನವರು ಇಟ್ಟ ಹೆಸರು. ಗ್ರಾಮಕ್ಕೂ ಅವರಿಗೂ ಏನೂ ಸಂಬಂಧವಿಲ್ಲ. ಗ್ರಾಂ ಲೆಕ್ಕದ ಅಣ್ಣ, ಅಷ್ಟೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸುವುದು, ಸರಿ ಇದ್ದರೆ ಮುದ್ರೆ ಹಾಕುವುದು, ಇಲ್ಲದಿದ್ದರೆ ಅಂಗಡಿಯವನ ಮುಖದ ಬಣ್ಣ ಬದಲಾಯಿಸುವುದು. ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ.

ಈ ಘೋಷಣೆಗೆ ಕಾರಣ ಅವರ ಬಲ ಮಂಡಿ. ಲಾರಿ ತೂಗುವ ವೇಬ್ರಿಜ್‌ಗಳ ಕೆಳಗೆ ಬಗ್ಗಿ, ಟ್ಯಾಂಕರುಗಳ ಏಣಿ ಹತ್ತಿ ಅದು ಕಿರುಗುಟ್ಟತೊಡಗಿತ್ತು. ಮೂಳೆ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಆರು ವಾರದಲ್ಲಿ ಐದು ಕೆಜಿ ಇಳೀಬೇಕು. ಇಲ್ದಿದ್ರೆ ಹೊರಗಿನ ಕೆಲಸ ಬೇಡ, ಕುರ್ಚಿ ಮೇಲೆ ಕೂತು ಮಾಡೋ ಕೆಲಸ ಕೊಡಿ ಅಂತ ನಾನೇ ಬರೆದುಕೊಡ್ತೀನಿ" ಎಂದಿದ್ದರು. ಕುರ್ಚಿ! ಮುದ್ರೆ ಒತ್ತುವ ಕೈಗೆ ಕಡತ ತಿರುವುವ ಶಿಕ್ಷೆ! ಗ್ರಾಮಣ್ಣನಿಗೆ ಆ ರಾತ್ರಿಯ ಊಟವೂ ರುಚಿಸಲಿಲ್ಲ. ಎರಡನೇ ಸಲ ಮಾತ್ರ ಬಡಿಸಿಕೊಂಡರು.

ಡಾಕ್ಟರು ಹೇಳಿ ಕಳಿಸಿದ ಆಹಾರತಜ್ಞೆ ಒಳ್ಳೆಯ ಹೆಂಗಸು. ದಿನಕ್ಕೆ ಸಾವಿರದ ಐನೂರು ಕ್ಯಾಲೊರಿ ಎಂದು ಪಟ್ಟಿ ಬರೆದುಕೊಟ್ಟರು. ಗ್ರಾಮಣ್ಣ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ ಒಂದೇ ಪ್ರಶ್ನೆ ಕೇಳಿದರು: "ಆಲೂಗಡ್ಡೆ?"

"ತಿನ್ನಿ. ಬೇಯಿಸಿದ್ದು ನೂರು ಗ್ರಾಮಿಗೆ ತೊಂಬತ್ತು ಕ್ಯಾಲೊರಿ ಕೂಡ ಇಲ್ಲ, ಪರವಾಗಿಲ್ಲ. ಆದರೆ ಅದೇ ಚಿಪ್ಸ್ ಆದ್ರೆ ನೂರು ಗ್ರಾಮಿಗೆ ಐನೂರು ದಾಟುತ್ತೆ. ತಿನ್ನಲೇಬೇಕು ಅನ್ಸಿದ್ರೆ ಮೂವತ್ತು ಗ್ರಾಂ. ತೂಗಿ ತಿನ್ನಿ."

ತೂಗಿ ತಿನ್ನಿ! ಯಾರಿಗೆ ಹೇಳಿದ ಮಾತು! ಮೀನಿಗೆ ಈಜು ಎಂದ ಹಾಗಾಯಿತು. ಗ್ರಾಮಣ್ಣ ಆಹಾರತಜ್ಞೆಯನ್ನು ಕನಿಕರದಿಂದ ನೋಡಿ ಎದ್ದು ಬಂದರು.

ಅಕ್ಕಸಾಲಿಗರ ಅಂಗಡಿಯಲ್ಲಿ ಇರುವಂಥ ತಕ್ಕಡಿಯೊಂದು ಅಂದೇ ಮನೆಗೆ ಬಂತು. ಗ್ಯಾಸ್ ಒಲೆಯ ಪಕ್ಕದಲ್ಲಿ, ಅಲ್ಲಾಡದ ಕಲ್ಲಿನ ಮೇಲೆ, ಮಟ್ಟ ನೋಡಿ ಅದನ್ನು ಪ್ರತಿಷ್ಠಾಪಿಸಿದರು. ಮನೆಯ ನೀಲಿ ಪಿಂಗಾಣಿ ತಟ್ಟೆ ಇಟ್ಟು, ಅದರ ತೂಕ ಕಳೆಯುವ ಗುಂಡಿ ಒತ್ತಿದರು. ಸೊನ್ನೆ ಬಂತು. ಗುಂಡಿಯ ಮೇಲೆ ಅಂಟುಪಟ್ಟಿ ಹಾಕಿ, ಕೆಂಪು ಶಾಯಿಯಲ್ಲಿ ‘ಮುಟ್ಟಬಾರದು’ ಎಂದು ಬರೆದರು.

"ಆಫ್ ಮಾಡೋ ಹಾಗಿಲ್ಲ. ಒಳ್ಳೇ ತಕ್ಕಡಿ ಸದಾ ಬೆಚ್ಚಗಿರಬೇಕು. ನೀನು ತಟ್ಟೆ ಇಟ್ಟು, ಅಂಕಿ ಬರೋವರೆಗೂ ಬಡಿಸೋದು. ನಾನು ಅಂಕಿ ನೋಡ್ತೀನಿ. ಅಷ್ಟೇ."

"ಅಷ್ಟೇನಾ? ತಿನ್ನೋದು ಯಾರು?"

"ಅದೂ ನಾನೇ."

ಮೊದಲ ಎರಡು ದಿನ ಗ್ರಾಮಣ್ಣ ಬಳಲಿ ಬೆಂಡಾದರು. ಮೂವತ್ತು ಗ್ರಾಂ ಚಿಪ್ಸು ಎಂದರೆ ಬೆರಳೆಣಿಕೆಯ ಚೂರುಗಳು. ತಿಂದದ್ದು ಹಲ್ಲಿಗೆ ಗೊತ್ತಾಯಿತೇ ಹೊರತು ಹೊಟ್ಟೆಗೆ ಸುದ್ದಿ ಮುಟ್ಟಲಿಲ್ಲ. ಮೂರನೇ ದಿನದಿಂದ ಅವರಿಗೆ ಪಥ್ಯ ಒಗ್ಗಿತು. ನಾಲ್ಕನೇ ದಿನ ಹಿತವೆನಿಸಿತು. ವಾರ ಕಳೆಯುವಷ್ಟರಲ್ಲಿ ಮೂವತ್ತು ಗ್ರಾಂ ತಿಂದರೆ ಸೊಂಟಪಟ್ಟಿ ಸಡಿಲಿಸಿ ತೇಗುವಷ್ಟು ತೃಪ್ತಿ. ದಿನಕ್ಕೊಮ್ಮೆ ಇದ್ದದ್ದು ಕೆಲವೊಮ್ಮೆ ಎರಡು ಸಲ ಆಯಿತು. ಮೂವತ್ತೇ ಗ್ರಾಂ ಅಲ್ಲವೇ!

"ರೀ, ಇದು ಜಾಸ್ತಿ ಅನ್ಸಲ್ವಾ?" ಎಂದು ಒಂದು ಸಂಜೆ ಹೆಂಡತಿ, ತಟ್ಟೆಯಲ್ಲಿ ಎದ್ದ ಚಿಪ್ಸಿನ ಗುಡ್ಡೆಯನ್ನು ನೋಡಿ ಕೇಳಿದರು.

"ಎಷ್ಟು ತೋರಿಸ್ತಿದೆ?"

"ಮೂವತ್ತು."

"ಮತ್ತೆ? ಗಾತ್ರ ಬೇರೆ, ತೂಕ ಬೇರೆ. ಹತ್ತಿ ನೋಡಿಲ್ವಾ ನೀನು? ಜನಕ್ಕೆ ಈ ವ್ಯತ್ಯಾಸ ತಿಳಿಸೋದ್ರಲ್ಲೇ ನನ್ನ ಆಯಸ್ಸು ಮುಗೀತು."

"ಬಡಿಸೋಕೆ ಮುಂಚೆ ಅಂಕಿ ಹಿಂದೆ ಒಂದು ಗೀಟು ತೋರಿಸುತ್ತಲ್ಲ, ಅದೇನು?"

"ಬೆಚ್ಚಗಾಗ್ತಿರುತ್ತೆ. ಯಂತ್ರದ ಒಳಗಿನ ವಿಷಯ ನಿನಗ್ಯಾಕೆ? ಬಡಿಸು."

ಆಕೆ ಬಡಿಸಿದರು. ಮಧ್ಯಾಹ್ನದ ನೂರೈವತ್ತು ಗ್ರಾಂ ಬೇಯಿಸಿದ ಆಲೂಗಡ್ಡೆಯೂ ಇದೇ ಶಿಸ್ತಿನಲ್ಲಿ ತಟ್ಟೆ ತುಂಬುತ್ತಿತ್ತು. ಫ್ರೀಜರಿನ ಫಿಂಗರ್ ಚಿಪ್ಸು, ಹಿಸುಕಿ ಬೆಣ್ಣೆ ಹಾಕಿದ್ದು, ಎಲ್ಲಕ್ಕೂ ಪಥ್ಯದಲ್ಲಿ ಜಾಗ ಸಿಕ್ಕಿತು. ಗ್ರಾಮಣ್ಣ ಒಂದೊಂದನ್ನೂ ದಶಮಾಂಶದವರೆಗೆ ಪುಸ್ತಕದಲ್ಲಿ ಬರೆದರು. ಆಫೀಸಿನಲ್ಲಿ ಭಾಷಣಗಳೂ ಶುರುವಾದವು.

"ಬಾಯಿ ಕಟ್ಟೋದು ದಡ್ಡರ ಪಥ್ಯ ಕಣ್ರೀ. ಅಳತೆ ಗೊತ್ತಿದ್ದೋನು ಏನು ಬೇಕಾದ್ರೂ ತಿನ್ನಬಹುದು."

"ಇಳಿದಿದೀರಾ ಸಾರ್?" ಎಂದು ಹೆಡ್ ಕ್ಲರ್ಕು ಕೇಳಿದರೆ, ಗ್ರಾಮಣ್ಣ ಪ್ಯಾಂಟಿನ ಸೊಂಟದೊಳಗೆ ಎರಡು ಬೆರಳು ತೂರಿಸಿ ತೋರಿಸುತ್ತಿದ್ದರು. ಪ್ಯಾಂಟು ಸಡಿಲವಾಗಿತ್ತು! ಆಮೇಲೆ ಯಾರು ಏನು ಹೇಳಿಯಾರು? ಹೆಡ್ ಕ್ಲರ್ಕು ಮರುದಿನವೇ ಡಬ್ಬಿಯಲ್ಲಿ ಚಿಪ್ಸು ತಂದರು.

ಆರನೇ ವಾರದ ಭಾನುವಾರ ಚಿಪ್ಸಿನ ಅಂಗಡಿಯವನು ಹೊಲಿಯಲು ಕೊಟ್ಟಿದ್ದ ಅಂಗಿ ಒಯ್ಯಲು ಮನೆಗೆ ಬಂದ. ಹೋದ ವರ್ಷ ಡಬ್ಬಿಯ ತೂಕ ಕಳೆಯದೆ ಮಾರಿದ್ದಕ್ಕೆ ಇದೇ ಗ್ರಾಮಣ್ಣನಿಂದ ಅರ್ಧ ಗಂಟೆ ಉಪದೇಶ ಕೇಳಿದ್ದವನು. ಗ್ರಾಮಣ್ಣ ತಟ್ಟೆ ಹಿಡಿದು ಹೊರಗೆ ಬಂದರು.

"ನೋಡಪ್ಪ, ನಿನ್ನ ಅಂಗಡೀದೇ. ಲೆಕ್ಕ ಇಟ್ಟು ತಿಂತಿದೀನಿ. ಮೂವತ್ತು ಗ್ರಾಂ."

ಅಂಗಡಿಯವನು ತಟ್ಟೆ ನೋಡಿದ. ಗ್ರಾಮಣ್ಣನ ಮುಖ ನೋಡಿದ. ಮತ್ತೆ ತಟ್ಟೆ ನೋಡಿದ.

"ಸಾರ್, ತಪ್ಪು ತಿಳೀಬೇಡಿ. ಇಪ್ಪತ್ತು ವರ್ಷ ಚಿಪ್ಸು ಕರಿದಿರೋ ಕಣ್ಣು ಇದು. ಇನ್ನೂರಕ್ಕೆ ಒಂದು ಚೂರೂ ಕಮ್ಮಿ ಇಲ್ಲ."

"ತಕ್ಕಡಿಗಿಂತ ನಿನ್ನ ಕಣ್ಣು ದೊಡ್ಡದಾ?"

"ಅಯ್ಯೋ, ಬನ್ನಿ ಸಾರ್, ನೋಡೇಬಿಡೋಣ."

ಅಡುಗೆಮನೆಯಲ್ಲಿ ಅವನು ಚಿಪ್ಸನ್ನೆಲ್ಲ ಬೋಗುಣಿಗೆ ಸುರಿದು, ಖಾಲಿ ತಟ್ಟೆಯನ್ನು ತಕ್ಕಡಿಯ ಮೇಲಿಟ್ಟ. ಒಂದು ಗೀಟು, ಅದರ ಮುಂದೆ ನೂರ ಎಂಬತ್ತು. ಸೊನ್ನೆಗಿಂತ ನೂರ ಎಂಬತ್ತು ಗ್ರಾಂ ಕೆಳಗೆ.

"ತಟ್ಟೆ ಏನಾದ್ರೂ ಬದಲಾಯ್ತಾ ಅಮ್ಮಾ?"

"ಹೂಂ. ಪಿಂಗಾಣಿದು ಮೂರನೇ ದಿನವೇ ಹೊಲಿಗೆ ಯಂತ್ರಕ್ಕೆ ತಗುಲಿ ಒಡೀತಲ್ಲ. ಇದು ಪ್ಲಾಸ್ಟಿಕ್ಕಿಂದು, ಹಗುರ, ಕೈ ನೋಯಲ್ಲ."

ತಕ್ಕಡಿ ಇನ್ನೂ ಒಡೆದುಹೋದ ಪಿಂಗಾಣಿ ತಟ್ಟೆಯ ತೂಕವನ್ನೇ ಕಳೆಯುತ್ತಿತ್ತು. ಮೂವತ್ತು ಎಂದು ತಿಂದದ್ದು ಇನ್ನೂರ ಹತ್ತು. ನೂರೈವತ್ತು ಎಂದು ತಿಂದದ್ದು ಮುನ್ನೂರ ಮೂವತ್ತು. ದಿನಕ್ಕೊಮ್ಮೆ, ಕೆಲವೊಮ್ಮೆ ಎರಡು ಸಲ, ಆರು ವಾರ. ಗ್ರಾಮಣ್ಣ ಗುಣಾಕಾರ ಶುರುಮಾಡಿ ನಡುವೆ ಕೈಬಿಟ್ಟರು.

"ತಟ್ಟೆ ಒಡೆದದ್ದು ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದೆ. ನೀವು ಅಂಕಿ ನೋಡ್ತಾ ಇದ್ರಿ."

ಗ್ರಾಮಣ್ಣನಿಗೆ ಒಂದು ಆಸರೆ ಉಳಿದಿತ್ತು. "ಹಾಗಾದ್ರೆ ಪ್ಯಾಂಟು? ಪ್ಯಾಂಟು ಸಡಿಲ ಆಗಿದೆಯಲ್ಲ! ಅದು ಹೇಗೆ?"

ಹೆಂಡತಿ ಅಂಗಿಯ ದಾರವನ್ನು ಹಲ್ಲಿನಿಂದ ಕತ್ತರಿಸಿ, ಮಡಿಸಿ ಅಂಗಡಿಯವನ ಕೈಗೆ ಕೊಟ್ಟರು. ಆಮೇಲೆ ಮೆಲ್ಲಗೆ ಹೇಳಿದರು: "ಮೂರು ಸಲ ಸೊಂಟ ಬಿಚ್ಚಿ ಹೊಲಿದಿದೀನಿ. ಬೆಳಗ್ಗೆ ಗುಂಡಿ ಹಾಕೋಕೆ ನೀವು ಉಸಿರು ಬಿಗಿ ಹಿಡಿಯೋದನ್ನ ನೋಡಕ್ಕಾಗ್ಲಿಲ್ಲ ರೀ. ಇನ್ಮೇಲೆ ಬಿಚ್ಚೋಕೆ ಒಳಗೆ ಬಟ್ಟೆ ಇಲ್ಲ."

ಅಂಗಡಿಯವನು ನಗಲಿಲ್ಲ. ಅವನು ನಕ್ಕಿದ್ದರೇ ಗ್ರಾಮಣ್ಣನಿಗೆ ಹಿತವಾಗುತ್ತಿತ್ತು. ಅಂಗಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಬೋಗುಣಿಯ ಕಡೆ ಒಮ್ಮೆ ನೋಡಿ, "ಬರ್ತೀನಿ ಸಾರ್, ಹುಷಾರು" ಎಂದು ಹೋದ.

ಮಂಗಳವಾರ ಮೂಳೆ ಡಾಕ್ಟರ ಆಸ್ಪತ್ರೆಗೆ ಹೋಗುವ ದಿನ. ಗ್ರಾಮಣ್ಣ ಚಪ್ಪಲಿ, ಗಡಿಯಾರ, ಕನ್ನಡಕ, ಕೊನೆಗೆ ಜೇಬಿನ ಪೆನ್ನನ್ನೂ ಹೆಂಡತಿಯ ಕೈಗಿಟ್ಟು ತೂಕದ ಯಂತ್ರ ಹತ್ತಿದರು. ಕಣ್ಣು ಮುಚ್ಚಿಕೊಂಡರು.

"ಹೋದ ಸಲ ಎಂಬತ್ತೆಂಟು, ಈಗ ತೊಂಬತ್ತೆರಡೂವರೆ" ಎಂದು ನರ್ಸು ಬರೆದುಕೊಂಡಳು.

ಗ್ರಾಮಣ್ಣ ಕಣ್ಣು ತೆರೆದರು. ಇದು ಹೋದ ಸಲದ ಯಂತ್ರವಲ್ಲ! ಎದೆಯಲ್ಲಿ ಆಸೆ ಚಿಗುರಿತು.

"ಸಿಸ್ಟರ್, ಹಳೇ ಯಂತ್ರ ಎಲ್ಲಿ?"

"ಕೆಟ್ಟೋಯ್ತು ಸಾರ್. ಇದನ್ನ ಒಳಗಿನ ವಾರ್ಡಿಂದ ತಂದಿಟ್ಟಿದೀವಿ."

"ಅದೇ ನೋಡಿ! ಇದನ್ನ ಯಾರಾದ್ರೂ ಪರೀಕ್ಷೆ ಮಾಡಿದಾರಾ? ಮುದ್ರೆ ಇದೆಯಾ? ಕಂಡಕಂಡ ಯಂತ್ರವನ್ನೆಲ್ಲ ನಂಬೋ ಹಾಗಿಲ್ಲ." ಮಂಡಿ ನೋವನ್ನೂ ಮರೆತು ಗ್ರಾಮಣ್ಣ ಬಗ್ಗಿ ಯಂತ್ರದ ಹಿಂಬದಿ ನೋಡಿದರು.

ಮುದ್ರೆ ಇತ್ತು. ಹೊಚ್ಚ ಹೊಸದು. ಪಕ್ಕದಲ್ಲಿ ಅಂಟಿಸಿದ ಚೀಟಿಯಲ್ಲಿ ಎರಡು ತಿಂಗಳ ಹಿಂದಿನ ತಾರೀಖು, ಅದರ ಕೆಳಗೆ ಗುಂಡಗೆ, ಒಂದು ಅಕ್ಷರವೂ ಅಳಿಸದ ಹಾಗೆ, ಅವರದೇ ಸಹಿ.

"ಭಯ ಬೇಡ ಸಾರ್, ಇದು ಪಕ್ಕಾ ಇದೆ. ಇದಕ್ಕೆ ಮುದ್ರೆ ಹಾಕಿದ ಇನ್‌ಸ್ಪೆಕ್ಟರು ಭಾರೀ ಖಡಕ್ಕಂತೆ. ಒಂದು ಗ್ರಾಮನ್ನೂ ಬಿಡಲ್ವಂತೆ!" ಎಂದಳು ನರ್ಸು.

ಗ್ರಾಮಣ್ಣ ಯಂತ್ರ ಹಿಡಿದುಕೊಂಡು ನಿಧಾನಕ್ಕೆ ಎದ್ದು ನಿಂತರು.

"ಹೌದಮ್ಮ," ಎಂದರು. "ಒಂದನ್ನೂ ಬಿಟ್ಟಿಲ್ಲ."